ಇದೆ ಕಣ್ರೀ, ಕಾಣ್ತಿಲ್ಲ ಅಷ್ಟೆ

ನೆಟ್‌ವರ್ಕ್ ಸರಿಮಾಡಲು ಬರುತ್ತಿದ್ದ ಆಕೆ ಮೌಸ್ ಮುಟ್ಟುವ ಮೊದಲು ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಒಂದು ಕಂಪ್ಯೂಟರಿಗೆ ಇನ್ನೊಂದು ಕಾಣುತ್ತಿಲ್ಲವೆಂದು ಯಾರು ಗೋಳಾಡಿದರೂ ಅವರದು ಒಂದೇ ಮಾತು: "ಇದೆ ಕಣ್ರೀ, ಕಾಣ್ತಿಲ್ಲ ಅಷ್ಟೆ."

ದೇವರಾಜ ಮೊಹಲ್ಲಾದ ನಮ್ಮ ಪ್ರೆಸ್ಸಿಗೆ ಹೊಸ ಕಂಪ್ಯೂಟರ್ ಬಂದ ವಾರ, ಹಳೆಯದರಲ್ಲಿ ನಾನು ಮಾಡಿದ ಲಗ್ನಪತ್ರಿಕೆ ಪ್ರಿಂಟರ್ ಇದ್ದ ಹೊಸದಕ್ಕೆ ಹೋಗಲೇ ಇಲ್ಲ. ಮದುವೆ ಹುಡುಗಿಯ ತಂದೆ ಬಾಗಿಲಲ್ಲೇ ಕಾದು ಕೂತಿದ್ದರು.

ಕರೆದಾಗ ಬಂದ ಆಕೆ ಎರಡೂ ಪರದೆ ನೋಡಿ ನಕ್ಕರು. ಮನೆದೇವರೆಂದು ಪ್ರೆಸ್ಸಿನ ಯಜಮಾನರು ಎರಡು ಕಂಪ್ಯೂಟರಿಗೂ 'ನಂಜುಂಡ' ಎಂದೇ ಹೆಸರಿಡಿಸಿದ್ದರು. ಈ ಹೆಸರು ಆಗಲೇ ಇದೆ ಎಂದು ದಿನಾ ಬೆಳಿಗ್ಗೆ ಪರದೆಯಲ್ಲಿ ಬರುತ್ತಿದ್ದ ಎಚ್ಚರಿಕೆಗೆ ನಾವು ಓಕೆ ಒತ್ತಿ ಸುಮ್ಮನಾಗುತ್ತಿದ್ದೆವು.

"ಒಂದೇ ಹೆಸ್ರಿದ್ರೆ ಒಂದಕ್ಕೊಂದು ಕಾಣಲ್ಲ. ಒಂದನ್ನ ಬದಲಾಯಿಸ್ಬೇಕು."

"ದೇವರ ಹೆಸರು ಅಳಿಸ್ಬೇಡಿ ಮೇಡಂ," ಯಜಮಾನರು ಕೈಮುಗಿದರು.

"ಅಳಿಸಲ್ಲ ಸ್ವಾಮಿ, ಜೊತೆ ಕೊಡ್ತೀನಿ." ಆಕೆ ಕಿಟಕಿಯಾಚೆಯ ಬೆಟ್ಟವನ್ನೊಮ್ಮೆ ನೋಡಿ, ಹೊಸದಕ್ಕೆ 'ಚಾಮುಂಡಿ' ಎಂದು ಟೈಪ್ ಮಾಡಿ ರೀಸ್ಟಾರ್ಟ್ ಮಾಡಿದರು.

ಪರದೆಯ ಮೇಲೆ ನಂಜುಂಡನ ಪಕ್ಕ ಚಾಮುಂಡಿ ಕಾಣಿಸಿಕೊಂಡಳು. ಪತ್ರಿಕೆ ಪ್ರಿಂಟರಿನಿಂದ ಹೊರಬಂತು. ಯಜಮಾನರು ಖುಷಿಯಿಂದ, ಎಂದಿನಂತೆ ಎರಡಕ್ಕೂ ಹಚ್ಚಲು ವಿಭೂತಿ ತಂದರು. ಹೊಸದರ ಮುಂದೆ ಆಕೆ ಅವರ ಕೈ ತಡೆದರು.

"ಇದಕ್ಕೆ ಕುಂಕುಮ, ಸ್ವಾಮಿ."