ತಟ್ಟೆಯ ಸದ್ದಿಗೆ ತಿರುಗದ ಮಗು ಮತ್ತು ಶಿವರುದ್ರಮ್ಮ ಟೀಚರ್

ಮಧುಗಿರಿ ಸೀಮೆಯ ಅಂಗನವಾಡಿಗಳ ಹಿರಿಯ ಜೀವ, ದೊಡ್ಡೇರಿ ಹೋಬಳಿಯ ಒಂದೇ ಹಳ್ಳಿಯಲ್ಲಿ ಅಪ್ಪ, ಮಗ ಇಬ್ಬರಿಗೂ ಮೂಗು ಒರೆಸಿ ಅಕ್ಷರ ತಿದ್ದಿಸಿದ ಶ್ರೀಮತಿ ಶಿವರುದ್ರಮ್ಮನವರು ಮೂವತ್ನಾಲ್ಕು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿದ್ದಾರೆ. ಊರಿನ ಪಾಲಪ್ಪನ ಮಗನಿಗೆ ಚೇಳು ಕಡಿದಾಗ ಅವನನ್ನು ಸೊಂಟದ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ ತಾಯಿ ಇವರು.

ಹೊಸ ಮಗು ಸೇರಿದರೆ ಅವರದೊಂದು ರೂಢಿ. ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಸೌಟಿನಿಂದ ಒಂದೇಟು. ತಿರುಗಿದರೆ ಸರಿ, ಇಲ್ಲವಾದರೆ ಕಿವಿ ತೋರಿಸಬೇಕೆಂದು ರಿಜಿಸ್ಟರಿನಲ್ಲಿ ಕೆಂಪು ಶಾಯಿ. ಬೊಮ್ಮಕ್ಕನ ಮೊಮ್ಮಗಳು, ಮೂರು ವರ್ಷದ ಹಂಸಿಕಾ, ತಿರುಗಲಿಲ್ಲ. ಅವಳ ಹೆಸರಿಗೆ ಕೆಂಪು ಸಾಲು ಬಿತ್ತು.

ಅದೇ ವರ್ಷ ಇಲಾಖೆಯಿಂದ ಕೃತಕ ಬುದ್ಧಿಮತ್ತೆಯ ಆ್ಯಪ್ ಬಂತು. ಮೊಬೈಲು ಚಿತ್ರ ತೋರಿಸಿ ‘ಇದೇನು?’ ಎನ್ನುವುದು, ಮಗುವಿನ ಉತ್ತರ ಕೇಳಿ, ಮಾತು ಬೆಳೆದಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು ತೋರಿಸುವುದು. ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಬೇಕಿತ್ತು. ಆದರೆ ನಮ್ಮ ಅಂಗನವಾಡಿಯಲ್ಲಿ ಯಾವ ಮಗು ಒಂಟಿಯಾಗಿ ಉತ್ತರ ಹೇಳಿದ್ದುಂಟು? ಹಂಸಿಕಾಳ ಸರದಿಯಲ್ಲಿ ಉಳಿದ ಇಪ್ಪತ್ತೆರಡು ಮಕ್ಕಳೂ ಒಟ್ಟಿಗೆ ‘ಹಸೂ’ ಎಂದವು. ಯಂತ್ರ ಅದಷ್ಟನ್ನೂ ಅವಳ ಹೆಸರಿಗೇ ಬರೆದು ಹಸಿರು ಕೊಟ್ಟಿತು.

“ಅದು ಎಲ್ಲಾ ಮಕ್ಳ ದನಿ ಕಣಮ್ಮ. ಈ ಪಾಪುಗೆ ಕಿವಿ ಕೇಳ್ಸಲ್ಲ,” ಎಂದು ಶಿವರುದ್ರಮ್ಮನವರು ಮೇಲ್ವಿಚಾರಕಿಗೆ ಮೂರು ಸಲ ಹೇಳಿದರು.

“ತಟ್ಟೆ ಬಡಿಯೋ ಕಾಲ ಹೋಯ್ತು ಟೀಚರ್. ಹಸಿರು ಬಂದಿದೆಯಲ್ಲ, ಹೊಡೆದುಹಾಕಿ,” ಎಂದು ಮೇಲ್ವಿಚಾರಕಿ ಕೆಂಪು ಸಾಲಿನ ಮೇಲೆ ಅವರ ಕೈಯಿಂದಲೇ ಗೀಟು ಎಳೆಸಿದಳು. ಆ ಮೇಲ್ವಿಚಾರಕಿ ಈ ಲೇಖಕಿಯೇ. ಓದಿದವಳೆಂಬ ಪಿತ್ತ ನೆತ್ತಿಗೇರಿತ್ತು. ಬರೆಯಲು ನಾಚಿಕೆಯಾಗುತ್ತದೆ.

ಎರಡು ವರ್ಷ ಕಳೆದ ಮೇಲೆ ತುಮಕೂರಿನ ವೈದ್ಯರು, ಮಾತು ಕಲಿಯುವ ವಯಸ್ಸು ಕೈಜಾರುತ್ತಿದೆ, ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರಂತೆ. ಬೊಮ್ಮಕ್ಕ ನೇರವಾಗಿ ಅಂಗನವಾಡಿ ಬಾಗಿಲಿಗೆ ಬಂದಳು. “ಗೊತ್ತಿದ್ದೂ ಸುಮ್ಕಿದ್ಬುಟ್ಯಲ್ಲವ್ವಾ,” ಎಂದಳು. ಶಿವರುದ್ರಮ್ಮನವರು ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಗೀಟು ಎಳೆದ ಕೈ ತಮ್ಮದೇ ಎಂಬ ಸಂಕಟ ಅವರನ್ನು ಇಂದಿಗೂ ತಿನ್ನುತ್ತಿದೆ.

ಈ ಅಭಿನಂದನಾ ಸಂಪುಟದ ಮಾತೆತ್ತಿದಾಗ ಅವರು, “ಶಾಲು ಗೀಲು ಬುಡಿ. ಬರೆಯಂಗಿದ್ರೆ ಆ ಪಾಪುಂದು ಬರೀರಿ,” ಎಂದರು. ಈಗ ದಿನವೂ ಬೆಳಿಗ್ಗೆ ಬೊಮ್ಮಕ್ಕನ ಜಗಲಿಯಲ್ಲಿ, ಕಿವಿಗೆ ಯಂತ್ರ ಹಾಕಿಸಿಕೊಂಡ ಹಂಸಿಕಾಳನ್ನು ಎದುರಿಗೆ ಕೂರಿಸಿಕೊಂಡು, ಅವಳ ಅಂಗೈಯನ್ನು ತಮ್ಮ ಗಂಟಲಿಗೆ ಒತ್ತಿಕೊಂಡು ‘ಅವ್ವ’ ಎಂದು ಹೇಳಿಕೊಡುತ್ತಾರೆ. ಮಗು ಇನ್ನೂ ಹೇಳಿಲ್ಲ. ಮೊಬೈಲಿನಲ್ಲಿ ಅವಳ ಹೆಸರಿನ ಮುಂದೆ ಇವತ್ತಿಗೂ ಹಸಿರೇ ಇದೆ.

ನೂರು ವರ್ಷ ಬಾಳಿ ಎಂದು ಹರಸುವ ಯೋಗ್ಯತೆ ಈ ಲೇಖಕಿಗಿಲ್ಲ. ಆ ಒಂದು ಮಾತು ಕಿವಿಗೆ ಬೀಳುವ ತನಕವಾದರೂ ನಮ್ಮ ಟೀಚರಿಗೆ ಆಯಸ್ಸು ಗಟ್ಟಿಯಾಗಿರಲಿ.