ನನ್ನ ಹೆಸರಿನಲ್ಲಿ ದುಡಿದ ತಂಗಿ

ಸೂಪರ್‌ವೈಸರ್ ಎದುರು ನಿಂತು, ಇವಳು ನನ್ನ ತಂಗಿ, ಇವಳ ಹೆಸರು ಬೇರೆ, ಅದನ್ನು ಬರೆದುಕೊಳ್ಳಿ ಎಂದು ಹೇಳಬೇಕಾಗಿತ್ತು. ನಾನು ಹೇಳಲಿಲ್ಲ. ನನ್ನ ತಂಗಿ ಗಂಗಮ್ಮ ಪೀಣ್ಯದ ಕಾರ್ಖಾನೆಯಲ್ಲಿ ವರ್ಷಕ್ಕೂ ಮೇಲೆ ರತ್ನಮ್ಮ ಎಂಬ ನನ್ನ ಹೆಸರಿಗೆ ಓಗೊಟ್ಟು ದುಡಿದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆದು ಅಭ್ಯಾಸವಿಲ್ಲ. ನಮ್ಮ ಕಡೆಯಿಂದ ಈಗ ಇಲ್ಲಿಗೆ ಬರುತ್ತಿರುವ ಹೆಣ್ಣುಮಕ್ಕಳಾದರೂ ತಿಳಿದುಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಹಿರಿಯೂರಿನ ಆಚೆಯ ನಮ್ಮ ಹಳ್ಳಿಯಿಂದ ಗಂಡನ ಹಿಂದೆ ಪೀಣ್ಯಕ್ಕೆ ಬಂದೆ. ಅವರು ಎರಕದ ಕಾರ್ಖಾನೆಯಲ್ಲಿದ್ದರು. ನನಗೆ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸ ಸಿಕ್ಕಿತು. ಊರಿನಲ್ಲಿ ಯಾರೇ ಹೊಸಬರು ಕಂಡರೂ ಯಾರ ಮನೆಯವಳವ್ವ ಎಂದು ಕೇಳುತ್ತಾರೆ. ಇಲ್ಲಿ ಮನೆಯನ್ನು ಯಾರೂ ಕೇಳಲಿಲ್ಲ. ಹೆಸರು, ವಯಸ್ಸು ಬರೆದುಕೊಂಡು ಕೈಗೊಂದು ಹಿತ್ತಾಳೆ ಬಿಲ್ಲೆ ಕೊಟ್ಟರು. ಅದರ ಮೇಲಿನ ನಂಬರೇ ಇನ್ನು ನಾನು. ಆ ದಿನ ರೂಮಿಗೆ ಬಂದು ಅತ್ತೆ. ಮನೆ ಓನರ್ ನಂಜಮ್ಮ ಪೀಣ್ಯದ ಹಳೆಯ ಒಕ್ಕಲಿನವರು, ಅವರ ಹೊಲ ಕಾರ್ಖಾನೆಗಳಿಗೆ ಹೋಗಿತ್ತು. ಬಾಗಿಲಿಗೆ ಬಂದು, "ನೀನ್ ಕೂತ್ಕೊಂಡು ತಂತಿ ಸುತ್ತೋ ಜಾಗ್ದಾಗೇ ನಾವು ಅವರೆಕಾಯಿ ಬಿಡಿಸ್ತಿದ್ದದ್ದು ಕಣಮ್ಮಿ. ನಾನೇ ಅಳ್ಲಿಲ್ಲ, ನೀನ್ಯಾಕೆ ಅಳ್ತೀಯ" ಎಂದು ನಗಿಸಿದರು.

ಮೊದಲ ಸಂಬಳ ಹೇಳಿದ್ದಕ್ಕಿಂತ ಕಡಿಮೆ ಬಂತು. ಕದ್ದಿದ್ದಾರೆಂದು ಆಫೀಸಿನ ಗುಮಾಸ್ತರ ಜೊತೆ ಜಗಳಕ್ಕೆ ನಿಂತೆ. ಅವರು ಸಿಟ್ಟಾಗದೆ ಬಿಡಿಸಿ ಹೇಳಿದರು. ಪಿ.ಎಫ್. ಎಂದು ನನ್ನದೊಂದು ಪಾಲು ಹಿಡಿಯುತ್ತಾರೆ, ಮಾಲೀಕರೂ ತಮ್ಮ ಪಾಲು ಸೇರಿಸುತ್ತಾರೆ, ಎಲ್ಲಾ ಕೂಡಿ ವಯಸ್ಸಾದ ಮೇಲೆ ನನಗೇ ಬರುತ್ತದೆ. ಇ.ಎಸ್.ಐ. ಎಂದು ಹಿಡಿಯುವುದು ಕಾಯಿಲೆಗೆ, ಹೆರಿಗೆಗೆ. ಐದು ವರ್ಷ ಬಿಡದೆ ದುಡಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಎಂದು ಇನ್ನೊಂದು ಇಡಿಗಂಟು. ಊರಿನಲ್ಲಿ ಸಂಜೆಯ ಕೂಲಿ ಸಂಜೆಗೇ ಮಡಿಲಿಗೆ ಬೀಳುತ್ತಿದ್ದ ನನಗೆ, ಇನ್ನೂ ಬಾರದ ಮುಪ್ಪಿಗೆ ಇವತ್ತಿನ ಕೂಲಿಯಲ್ಲಿ ಹಿಡಿಯುವುದು ಹುಚ್ಚಾಟದಂತೆ ಕಂಡಿತು.

ಮಗ ಹುಟ್ಟಿದಾಗ ಆ ಮಾತಿನ ಬೆಲೆ ತಿಳಿಯಿತು. ಹನ್ನೆರಡು ವಾರ ಮನೆಯಲ್ಲಿದ್ದೆ, ಆ ದಿನಗಳ ದುಡ್ಡೂ ಬಂತು. ಬಾಣಂತನಕ್ಕೆ ಬಂದಿದ್ದ ಅವ್ವ ನಂಬಲೇ ಇಲ್ಲ. "ಹಡೆದಿದ್ಕೂ ಕೂಲಿ ಕೊಡ್ತಾರೇನೆ?" ಎಂದು ಕೇಳಿ ಕೇಳಿ ನಕ್ಕಳು.

ನಾಲ್ಕನೇ ವರ್ಷದಲ್ಲಿ ಮಗನಿಗೆ ಕಾಮಾಲೆಯಾಯಿತು. ಹೆಚ್ಚು ದಿನ ಹೋಗದಿದ್ದರೆ ಹೆಸರು ಹೊಡೆದುಹಾಕುತ್ತಾರೆಂಬ ಭಯ. ಊರಿಗೆ ಹೇಳಿಕಳಿಸಿ ಗಂಗಳನ್ನು ಕರೆಸಿಕೊಂಡೆ. ನಮ್ಮೂರಿನಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ನಿಮ್ಮ ಹೊಲದ ಕಳೆಗೆ ನಾವು, ನಮ್ಮದಕ್ಕೆ ನೀವು. ಅಕ್ಕನಿಗೆ ಆಗದಿದ್ದರೆ ತಂಗಿ ಸಾಲಿಗೆ ನಿಲ್ಲುತ್ತಾಳೆ, ಯಾರೂ ಹೆಸರು ಕೇಳುವುದಿಲ್ಲ. ಲೆಕ್ಕವೆಲ್ಲ ಮನೆಗೆ. ಅದೇ ರೂಢಿಯಲ್ಲಿ ನನ್ನ ಬಿಲ್ಲೆಯನ್ನು ಅವಳ ಕೈಗಿಟ್ಟೆ. ಮಾಲು ಹೊರಬಿದ್ದರೆ ಸಾಕು ಎನ್ನುತ್ತಿದ್ದ ಸೂಪರ್‌ವೈಸರ್ ನೋಡಿಯೂ ನೋಡದಂತಿದ್ದ.

ಮಗ ಗುಣವಾದ. ನಾನು ಹೋಗಲಿಲ್ಲ. ಮನೆಯಲ್ಲಿರುವುದು ರುಚಿಸಿತ್ತು. ಕೈಗೆ ಬರುವ ಸಂಬಳ ಗಂಗಳದು, ಹಿಡಿದದ್ದೆಲ್ಲ ನನ್ನ ಹೆಸರಿಗೆ. ಅವಳ ಕೈ ನನಗಿಂತ ಚುರುಕು. ಒಮ್ಮೆ ಜ್ವರ ಬಂದು ಇ.ಎಸ್.ಐ. ದವಾಖಾನೆಗೆ ಹೋದಾಗ ರತ್ನಮ್ಮ ಎಂದು ಕೂಗಿದರೆ ಅತ್ತಿತ್ತ ನಿನ್ನನ್ನೇ ಹುಡುಕಿದೆನಕ್ಕ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನನ್ನ ಹೆಸರು ಯಾವಾಗ ಬರೆಯುತ್ತಾರಕ್ಕ ಎಂದು ಕೇಳಿದಾಗೆಲ್ಲ, ಹೇಳಿದ್ದೇನೆ, ಬರೆಯುತ್ತಾರೆ ಎನ್ನುತ್ತಿದ್ದೆ. ಹೇಳಿರಲಿಲ್ಲ. ಹೇಳಿದರೆ ನನ್ನ ಹೆಸರು ಹೋಗುತ್ತಿತ್ತು, ಗ್ರಾಚ್ಯುಟಿಯ ಐದು ವರ್ಷ ತುಂಬಲು ಸ್ವಲ್ಪವೇ ಉಳಿದಿತ್ತು.

ಅಷ್ಟರಲ್ಲಿ ಎರಕದ ಕಾರ್ಖಾನೆಯ ಹುಡುಗನೊಬ್ಬನ ಜೊತೆ ಅವಳ ಮದುವೆಯಾಯಿತು. ಪಕ್ಕದ ರೂಮಿನಲ್ಲೇ ಸಂಸಾರ ಹೂಡಿದರು. ಬಸುರಿಯಾದಳು.

"ಅಕ್ಕ, ನಿಂಗ್ ಕೊಟ್ರಲ್ಲ ಹೆರಿಗೆ ರಜ, ನಂಗೂ ಕೊಡ್ತಾರೇನಕ್ಕ?"

"ನೋಡಣ ತಡಿ" ಎಂದೆ.

ಆಗಲೂ ಹೇಳಬಹುದಿತ್ತು. ಹೊಟ್ಟೆ ಕಾಣುತ್ತಿದ್ದಂತೆ ಸೂಪರ್‌ವೈಸರ್ ಗುಟ್ಟು ಬಯಲಾದೀತೆಂದು ಹೆದರಿ ಅವಳಿಗೆ ಬರಬೇಡ ಎಂದ. ನಾನು ನನ್ನ ಬಿಲ್ಲೆ ತೆಗೆದುಕೊಂಡು, ಅವಳು ಕೂರುತ್ತಿದ್ದ ಸ್ಟೂಲಿನ ಮೇಲೆ ಹೋಗಿ ಕೂತೆ. ಅವಳಿಗೆ ರಜದ ದುಡ್ಡೂ ಇಲ್ಲ, ಹಿಂದಿರುಗಲು ಕೆಲಸವೂ ಇಲ್ಲ. ಹೆಣ್ಣುಮಗು ಹುಟ್ಟಿ ಮೈ ಇನ್ನೂ ಹಸಿಯಿರುವಾಗಲೇ, ಪಿ.ಎಫ್. ಇಲ್ಲದ, ಇ.ಎಸ್.ಐ. ಇಲ್ಲದ ಒಂದು ಸಣ್ಣ ಶೆಡ್ಡಿಗೆ ಹೋಗತೊಡಗಿದಳು. ಮಧ್ಯಾಹ್ನ ಎದೆ ಬಿಗಿದು ಸೀರೆಯೆಲ್ಲ ಒದ್ದೆಯಾಗುತ್ತಿತ್ತಂತೆ. ಇತ್ತ ನಂಜಮ್ಮ ಅದೇ ಹೊತ್ತಿಗೆ ಮಗುವಿಗೆ ಹಸುವಿನ ಹಾಲು ಕುಡಿಸುತ್ತಿದ್ದರು. ಹೆಸರು ಬರೆಯದೆ ಮೋಸ ಮಾಡಿದ ಎಂದು ಗಂಗ ಸೂಪರ್‌ವೈಸರನ್ನು ಬೈಯುತ್ತಿದ್ದಳು. ನಾನೂ ಅವಳ ಜೊತೆ ಸೇರಿ ಬೈದೆ.

ನನ್ನ ಐದು ವರ್ಷ ತುಂಬಿತು. ಆ ಸಲ ಗೌರಿ ಹಬ್ಬಕ್ಕೆ ಇಬ್ಬರೂ ಊರಿಗೆ ಹೋದೆವು. ಪಡಸಾಲೆಯಲ್ಲಿ ಗಂಗ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮತ್ತೆ ಸೂಪರ್‌ವೈಸರ್ ಮಾಡಿದ ಮೋಸದ ಮಾತು ತೆಗೆದಳು. ಅವ್ವ ಎಲೆಗೆ ಸುಣ್ಣ ಹಚ್ಚುತ್ತಾ, "ಅಕ್ತಂಗೀರು ನೀವು. ಯಾರ್ ಹೆಸ್ರಾಗೆ ಇದ್ರೇನು, ಮನೆ ಒಂದೇ ಅಲ್ವೇನೆ" ಎಂದಳು.

ಅವ್ವನ ಮಾತು ಆ ಊರಿಗೆ ನಿಜ. ಒಪ್ಪಿಕೊಂಡುಬಿಟ್ಟಿದ್ದರೆ ನಾನು ಅಲ್ಲಿಯವಳಾಗಿಯೇ ಉಳಿಯಬಹುದಿತ್ತು. ಆದರೆ ಒಬ್ಬಳು ದುಡಿದದ್ದು ಆ ಒಬ್ಬಳಿಗೇ ಸೇರಬೇಕೆಂಬುದನ್ನು ಪೀಣ್ಯ ನನಗೆ ಕಲಿಸಿತ್ತು. ಕಲಿತದ್ದನ್ನು ನಾನು ನನಗೊಬ್ಬಳಿಗೇ ಬಳಸಿಕೊಂಡಿದ್ದೆ. ತಂಗಿಯ ವಿಷಯಕ್ಕೆ ಬಂದಾಗ ಮಾತ್ರ ಊರಿನವಳಾಗಿದ್ದೆ. ಎರಡೂ ಕಡೆ ಸಲ್ಲದವಳಂತೆ ಆ ಪಡಸಾಲೆಯಲ್ಲಿ ಕೂತಿದ್ದೆ.

"ಆ ಮನುಷ್ಯಂದೇನೂ ತಪ್ಪಿಲ್ಲ ಗಂಗ" ಎಂದೆ. "ನಾನು ಕೇಳೇ ಇರ್ಲಿಲ್ಲ. ಕೇಳಿದೀನಿ ಅಂತ ನಿಂಗೆ ಸುಳ್ಳು ಹೇಳ್ದೆ."

ಅವಳು ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ನಿಂದು ಏನೇನ್ ಹೋಗ್ತದೆ ಅಂತ ಎಲ್ಲಾ ಗೊತ್ತಿತ್ತು ಕಣೆ. ಗೊತ್ತಿದ್ದೂ ಸುಮ್ಕಿದ್ದೆ. ತಪ್ಪಾಯ್ತು."