ಕೆಂಪು ದಾರ ಕಟ್ಟುವ ಬುರುಲಾಯ್

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನದು ಕೋಳಿಕಾಲಿನ ಅಕ್ಷರ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ದೊಡ್ಡ ಮಾತುಗಳು ಬರುವುದಿಲ್ಲ, ಬಂದರೂ ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ತಪ್ಪು ಆಗಬಾರದೆಂದು ಇದನ್ನು ಮೂರು ಸಲ ಬರೆದಿದ್ದೇನೆ. ಇದು ನಮ್ಮ ಬೀದಿಯ ಬುರುಲಾಯ್ ಎಜೆಯ ಕಥೆ. ಎಜೆ ಎಂದರೆ ನಮ್ಮಲ್ಲಿ ಅಕ್ಕ. ಕಚೇರಿಯಲ್ಲಿ ನಡೆದದ್ದನ್ನೆಲ್ಲ ಹಿಟ್ಟು ನಾದುತ್ತಾ ಅವಳೇ ನನಗೆ ಹೇಳಿದಳು. ಬೀದಿಯಲ್ಲಿ ನಡೆದದ್ದು ನನ್ನ ಕಣ್ಣೆದುರಿಗೇ ನಡೆಯಿತು.

ಬುರುಲಾಯ್ ಮೊದಲು ಹನ್ನೊಂದು ವರ್ಷ ಬಿಷ್ಕೆಕ್‌ನ ಹೊಲಿಗೆ ಕಾರ್ಖಾನೆಯೊಂದರಲ್ಲಿ ಇದ್ದಳು. ಹೊಲಿಯುವವಳಾಗಿ ಅಲ್ಲ, ಹೊಲಿದದ್ದನ್ನು ನೋಡುವವಳಾಗಿ. ಅಂಗಿಯನ್ನು ಒಳಹೊರಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿಯುವಳು. ಹೊಲಿಗೆ ಎಲ್ಲಿ ಬಿಟ್ಟಿದೆಯೋ ಅಲ್ಲಿ ಕೆಂಪು ದಾರದ ತುಂಡೊಂದನ್ನು ಕಟ್ಟಿ ವಾಪಸು ಕಳಿಸುವಳು. ಕೆಂಪು ದಾರ ಇರುವ ಅಂಗಿ ಪೆಟ್ಟಿಗೆಗೆ ಹೋಗುವಂತಿರಲಿಲ್ಲ. ಮಾಲೀಕನೇ ಬಂದು ಗೋಗರೆದರೂ ಹೋಗುವಂತಿರಲಿಲ್ಲ.

ಕಾರ್ಖಾನೆ ಮುಚ್ಚಿದಾಗ ಅವಳ ಗಂಡನ ದೊಡ್ಡಪ್ಪನ ಮಗ ಎರ್ಮೆಕ್ ಅವಳನ್ನು ತಮ್ಮ ಕಚೇರಿಗೆ ಕರೆದರು. ಔಷಧದಂಗಡಿಯ ಮೇಲಿನ ಮೂರು ಕೋಣೆಗಳಲ್ಲಿ ಅವರು ಬೇರೆಯವರಿಗೆ ಇಂಟರ್ನೆಟ್ ಸೈಟುಗಳನ್ನು ಮಾಡಿಕೊಡುತ್ತಾರೆ.

"ನನಗೆ ಕಂಪ್ಯೂಟರ್ ಬರಲ್ಲ, ಬೈಕೆ," ಎಂದಳು ಬುರುಲಾಯ್. ಬೈಕೆ ಎಂದರೆ ಅಣ್ಣ.

"ನಂಗೆ ಬೇಕಿರೋದೂ ಅದೇ. ಬರೋರು ಎಂಟು ಜನ ಕೂತಿದ್ದಾರೆ. ನೀನು ಬರದೇ ಇರೋರ ಥರ ಒತ್ತು. ಎಲ್ಲಿ ಹರಿಯುತ್ತೆ ಅಂತ ಹೇಳು, ಸಾಕು."

ಅವಳು ಹಾಗೇ ಮಾಡಿದಳು. ಒಂದು ಚೌಕಳಿ ನೋಟ್‌ಬುಕ್ಕು, ಒಂದು ಕೆಂಪು ಪೆನ್ನು. ಹೊಸ ಸೈಟು ಬಂದಾಗಲೆಲ್ಲ ಅವಳು ನಮ್ಮ ಬೀದಿಯ ಒಬ್ಬೊಬ್ಬರಾಗಿ ಅದನ್ನು ಒತ್ತುವಳು. ಬಸ್ಸು ಓಡಿಸುವ ಮಮಸಾಲಿ ಆದಾಗ, ತಡೆಯಲಾರದೆ ಪ್ರತಿ ಬಟನನ್ನೂ ಎರಡೆರಡು ಸಲ ಒತ್ತುವಳು. ಮಾಂಸದಂಗಡಿಯವನಾದಾಗ ಹೆಬ್ಬೆರಳಿನಿಂದ ಪಕ್ಕದ ಅಕ್ಷರವನ್ನೂ ಸೇರಿಸಿ ಒತ್ತುವಳು. ತನ್ನ ಅತ್ತೆ ಅನಿಪಾ ಆದಾಗ ಅಕ್ಷರಗಳನ್ನೇ ಓದುತ್ತಿರಲಿಲ್ಲ, ಬಣ್ಣ ಓದುತ್ತಿದ್ದಳು. ಅತ್ತೆಗೆ ಹಸಿರು ಬಂದರೆ ಕೆಲಸ ಆಯಿತು, ಕೆಂಪು ಬಂದರೆ ಯಾರನ್ನಾದರೂ ಕೂಗಬೇಕು.

ಸೈಟು ಬರೆಯುವ ಹುಡುಗರಿಗೆ ಇದೊಂದು ತಮಾಷೆ. ಅವರಲ್ಲಿ ತಿಲೇಕ್ ಎಂಬುವನು ಬಾಯಿಬಡುಕ.

"ಎಜೆ ಬಂದ್ರು, ಕತ್ತರಿ ಎತ್ತಿಡ್ರೋ! ಇವತ್ತು ಯಾರಾಗಿ ಒತ್ತುತೀರ ಎಜೆ? ಬಸ್ ಡ್ರೈವರಾ, ಅಜ್ಜೀನಾ?"

"ಇವತ್ತು ನಿನ್ನ ಹಾಗೆ ಒತ್ತುತೀನಿ ಕಣೋ. ಏನೂ ಓದದೆ."

ಆರು ವರ್ಷ ಹೀಗೆ ನಡೆಯಿತು. ಅವಳು ಬರೆದುಕೊಟ್ಟ ದೋಷಗಳನ್ನು ಎರ್ಮೆಕ್ ಬೈಕೆ ಮೂರು ಬಣ್ಣಕ್ಕೆ ಹಾಕುವರು. ಕೆಂಪು ಎಂದರೆ ಸರಿಯಾಗುವವರೆಗೆ ಸೈಟು ತೆರೆಯುವಂತಿಲ್ಲ. ಹಳದಿ ಎಂದರೆ ಈ ವಾರ. ಬಿಳಿ ಎಂದರೆ ಮುಂದೆಂದೋ ಒಂದು ದಿನ, ಅಂದರೆ ಎಂದೂ ಇಲ್ಲ.

ಹೋದ ಶರತ್ಕಾಲದಲ್ಲಿ ಒಂದು ಧರ್ಮಸಂಸ್ಥೆಯ ಸೈಟು ಬಂತು. ಕಿವಿ ಕೇಳದ ನಲವತ್ತು ಮಕ್ಕಳಿಗೆ ತಲೆಯೊಳಗೆ ಯಂತ್ರ ಇಟ್ಟು ಕೇಳಿಸುವಂತೆ ಮಾಡುತ್ತಾರಂತೆ, ಪುಕ್ಕಟೆ. ಮಗುವಿಗೆ ಐದು ತುಂಬಿರಬಾರದು. ಅರ್ಜಿ ಸೈಟಿನಲ್ಲೇ ಹಾಕಬೇಕು, ಹತ್ತೇ ದಿನ ತೆರೆದಿರುತ್ತದೆ. ಆಯ್ಕೆಯಾದವರಿಗೆ ಫೋನ್ ಮಾಡುತ್ತಾರೆ.

ಇದನ್ನು ಬುರುಲಾಯ್ ಎರಡು ಸಲ ಓದಿದಳು. ಅತ್ತೆಯ ಮನೆಯಲ್ಲಿ ಐಜಿರೆಕ್ ಇದ್ದಳು. ನಾಲ್ಕು ವರ್ಷ ಎಂಟು ತಿಂಗಳಿನವಳು. ಎರಡನೇ ವರ್ಷದಲ್ಲಿ ಜ್ವರ ಬಂದು, ಜ್ವರದ ಜೊತೆ ಕಿವಿಯೂ ಹೋಗಿತ್ತು.

ಐಜಿರೆಕ್‌ಳನ್ನು ಹೆತ್ತವಳು ಬುರುಲಾಯ್. ಆದರೆ ನಮ್ಮಲ್ಲಿ ಮೊದಲ ಮಗುವನ್ನು ಗಂಡನ ತಂದೆತಾಯಿಗೆ ಕೊಡುವುದುಂಟು. ಈಗ ಎಲ್ಲರೂ ಕೊಡುವುದಿಲ್ಲ, ಅವಳು ಕೊಟ್ಟಳು. ಹನ್ನೆರಡು ವರ್ಷ ಕಾದು ಹುಟ್ಟಿದ ಮಗು. ನಲವತ್ತನೇ ದಿನ ನಲವತ್ತು ಚಮಚ ನೀರು ಹಾಕಿ ಮೀಯಿಸಿದ ಮೇಲೆ, ನೆಂಟರೆಲ್ಲರ ಎದುರಿಗೆ ಅತ್ತೆಯ ಮಡಿಲಿಗೆ ಇಟ್ಟಳು. ಕಾಗದಪತ್ರಗಳಲ್ಲೂ ಅನಿಪಾ ಅಪಾ ಅವರೇ ತಾಯಿ. ಹಿರಿಯ ಹೆಂಗಸರನ್ನು ನಾವು ಅಪಾ ಎನ್ನುತ್ತೇವೆ. ಅಂದಿನಿಂದ ಬುರುಲಾಯ್ ಆ ಮಗುವಿಗೆ ಅತ್ತಿಗೆ. ಅತ್ತೆಯ ಮುಂದಾಗಲಿ, ಗಂಡನ ಕಡೆಯವರ ಮುಂದಾಗಲಿ "ನನ್ನ ಮಗಳು" ಎನ್ನುವಂತಿಲ್ಲ. ಅಂದರೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ. ಮುಂದೆ ಬೇರೆ ಮಕ್ಕಳೂ ಆಗಲಿಲ್ಲ.

ಅವಳು ಆ ಸೈಟನ್ನು ಎಲ್ಲರಿಗಿಂತ ಮೊದಲು ಅನಿಪಾ ಅಪಾ ಆಗಿಯೇ ಒತ್ತಿದಳು. ಸುಳ್ಳು ಹೆಸರಿನ ಒಬ್ಬ ಅಜ್ಜಿಯನ್ನು ತಾಯಿಯ ಜಾಗದಲ್ಲಿ ಹಾಕಿದಳು, ಅರವತ್ತೆರಡು ವರ್ಷ. ಮಗುವಿಗೆ ನಾಲ್ಕು. ಕಳಿಸು ಎಂಬ ಬಟನ್ ಒತ್ತಿದಾಗ "ಅರ್ಜಿ ಸ್ವೀಕರಿಸಲಾಗಿದೆ" ಎಂದು ಹಸಿರಿನಲ್ಲಿ ಬಂತು. ಆದರೆ ಅದರ ಕೆಳಗೆ ಬರಬೇಕಾದ ಸಂಖ್ಯೆ ಬರಲಿಲ್ಲ. ಒಳಗಿನ ಪಟ್ಟಿ ತೆರೆದು ನೋಡಿದರೆ ಅರ್ಜಿಯೇ ಇಲ್ಲ. ಇನ್ನೊಮ್ಮೆ ಹಾಕಿದಳು, ಇಲ್ಲ. ಮಮಸಾಲಿಯಾಗಿ ಹಾಕಿದಳು, ಸಂಖ್ಯೆ ಬಂತು. ಮತ್ತೆ ಅನಿಪಾ ಆದಳು. ಹಸಿರು ಬಂತು, ಪಟ್ಟಿ ಖಾಲಿ.

ಅವಳು ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದು ಬರೆದುಕೊಟ್ಟಳು.

"ಅದು ದೋಷ ಅಲ್ಲ ಎಜೆ, ನಾನೇ ಇಟ್ಟಿರೋದು," ಎಂದ ತಿಲೇಕ್. "ಹುಟ್ಟಿದ ವರ್ಷ ತಪ್ಪು ಹಾಕ್ತಾರಲ್ಲ, ಅಂಥ ಕಸ ಒಳಗೆ ಬರಬಾರದು ಅಂತ. ಐವತ್ತರ ಮೇಲೆ ಯಾರು ಹೆರ್ತಾರೆ ಹೇಳಿ?"

"ಹೆರೋದಿಲ್ಲ. ಸಾಕ್ತಾರೆ. ಕಾಗದದಲ್ಲಿ ಅವರೇ ತಾಯಿ. ನಿಮ್ಮೂರಲ್ಲಿ ಇಲ್ವಾ?"

"ನಾನು ಹುಟ್ಟಿದ್ದು ಇಲ್ಲೇ, ಒಂಬತ್ತನೇ ಮಹಡೀಲಿ. ನಮಗೆ ಊರೇ ಇಲ್ಲ."

"ಆಯ್ತು, ಬಿಡು. ತಗೊಳ್ಳೋದಿಲ್ಲ ಅನ್ನೋದಾದ್ರೆ ಕೆಂಪು ತೋರಿಸಬೇಕು ತಾನೆ? ಹಸಿರು ಯಾಕೆ ತೋರಿಸ್ತೀಯ?"

ತಿಲೇಕ್ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. "ಅದು... ಹೌದು. ಅದು ನನ್ನ ಕಣ್ಣು ತಪ್ಪಿದೆ," ಎಂದ.

ಮಧ್ಯಾಹ್ನ ಎಲ್ಲರೂ ಮೇಜಿನ ಸುತ್ತ ಕುಳಿತರು. ಎರ್ಮೆಕ್ ಬೈಕೆ ಅವಳ ಹಾಳೆಯನ್ನು ಕೈಯಲ್ಲಿ ಹಿಡಿದಿದ್ದರು. ಸಂಸ್ಥೆಯವರು ಸೈಟನ್ನು ಒಪ್ಪಿ ರುಜು ಹಾಕಿಯಾಗಿತ್ತು. ಇನ್ನು ಒಂದು ಅಕ್ಷರ ಮುಟ್ಟಬೇಕಾದರೂ ಅವರಿಗೆ ಪತ್ರ ಬರೆದು, ಅವರಿಂದ ಉತ್ತರ ಬಂದು, ತೆರೆಯುವ ದಿನವನ್ನೇ ಮುಂದೆ ಹಾಕಬೇಕಾಗುತ್ತಿತ್ತು.

"ಕೆಂಪು ಅಂತೀಯಲ್ಲ ಬುರುಲಾಯ್, ಎಷ್ಟು ಜನ ಇರ್ತಾರೆ ಹೀಗೆ? ಯಾರಾದ್ರೂ ಗೊತ್ತಾ ನಿನಗೆ? ಒಂದು ಹೆಸರು ಹೇಳು, ನಾನು ಈಗಲೇ ಪತ್ರ ಬರೀತೀನಿ."

ಬುರುಲಾಯ್ ಬಾಯಿ ತೆರೆದಳು. ಎರ್ಮೆಕ್ ಬೈಕೆ ಆ ನಲವತ್ತನೇ ದಿನ ಅಲ್ಲಿದ್ದರು. ಅತ್ತೆಯ ಬಲಗಡೆ ಕುಳಿತು ಮೊದಲ ತುಂಡು ಮಾಂಸ ತಿಂದವರು ಅವರೇ. ಅವರಿಗೆ ನೆನಪಾಗಬಹುದು, ಅವರೇ ಹೇಳಬಹುದು ಎಂದು ಕಾದಳು. ಗಂಡನ ಅಣ್ಣ, ಹಿರಿಯರು. ಅವರು ಹೇಳಿದರೆ ಅದು ಮಾತು, ತಾನು ಹೇಳಿದರೆ ಅದು ಮರಳಿ ಕೇಳಿದ ಹಾಗೆ. ಅವರು ಹಾಳೆಯ ಅಂಚನ್ನು ಮಡಿಸಿದರು, ಬಿಡಿಸಿದರು.

"ನಮ್ಮ... ಬೀದೀಲಿ ಇದ್ದಾರೆ," ಎಂದಳು ಅವಳು.

"ಬೀದೀಲಿ," ಎಂದರು ಅವರು. ಬಿಳಿ ಎಂದು ಬರೆದರು.

ಹನ್ನೊಂದು ವರ್ಷದಲ್ಲಿ ಒಂದು ಅಂಗಿಯನ್ನೂ ಹಾಗೆ ಬಿಟ್ಟವಳಲ್ಲ ಅವಳು.

ಸೋಮವಾರ ಬೆಳಿಗ್ಗೆ ಸೈಟು ತೆರೆಯಿತು. ಸುದ್ದಿ ಬೀದಿಗೆಲ್ಲ ಹಬ್ಬಿತ್ತು; ಅಂದು ಒಂಬತ್ತಕ್ಕೇ ಅನಿಪಾ ಅಪಾ ಕೈಚೀಲ ಹಿಡಿದು ನಮ್ಮ ಮನೆಗೆ ಬಂದರು.

"ಊಲ್ಜಾನ್, ನಿನ್ನ ಫೋನಲ್ಲಿ ಬರೆದುಕೊಡೇ. ಕೆಲಿನ್ ಬರೋದು ಸಂಜೆಗೆ. ಅಷ್ಟರಲ್ಲಿ ನಲವತ್ತೂ ಮುಗಿದುಹೋಗುತ್ತೆ."

ಕೆಲಿನ್ ಎಂದರೆ ಸೊಸೆ. ನಾನು ಒಂದೊಂದೇ ಅಕ್ಷರ ನೋಡಿ ತುಂಬಿದೆ. ಅವರ ಗುರುತಿನ ಚೀಟಿಯ ಹದಿನಾಲ್ಕು ಅಂಕಿಗಳನ್ನು ಮೂರು ಸಲ ಎಣಿಸಿದೆ. ತಾಯಿ ಎಂಬಲ್ಲಿ ಜನನಪತ್ರದಲ್ಲಿ ಇದ್ದಂತೆಯೇ ಅನಿಪಾ ಎಂದು ಬರೆದೆ. ಬಟನ್ ಒತ್ತಿದೆ. ಹಸಿರು ಬಂತು. ಅಪಾ ನನ್ನ ಹಣೆಗೆ ಮುತ್ತಿಟ್ಟು ಮನೆಗೆ ಹೋಗಿ ಏಳು ರೊಟ್ಟಿ ಸುಟ್ಟರು, ಬೀದಿಯ ಏಳು ಮನೆಗೆ ಹಂಚಿದರು.

ಸಂಜೆ ಬುರುಲಾಯ್ ಬಂದಾಗ ಎಂಟನೇ ಮನೆಯವರು ತಮಗೆ ರೊಟ್ಟಿ ಬರಲಿಲ್ಲವೆಂದು ಗೊಣಗುತ್ತಿದ್ದರು. ಏಕೆ ರೊಟ್ಟಿ ಎಂದು ಕೇಳಿ ತಿಳಿದು, ಅವಳು ಚೀಲವನ್ನೂ ಇಳಿಸದೆ ನನ್ನ ಫೋನನ್ನು ನೋಡಿದಳು. ಆಮೇಲೆ ಅತ್ತೆಯ ಮನೆಗೆ ಹೋದಳು. ಅಪಾ ನನ್ನನ್ನೂ ಒಳಗೆ ಕರೆದರು, ಸಾಕ್ಷಿಗೆ ಎಂಬಂತೆ.

"ಅಪಾ, ಅದು ಹೋಗಿಲ್ಲ. ಹಸಿರು ಬಂದ್ರೂ ಹೋಗಿಲ್ಲ. ನಿಮ್ಮ ವಯಸ್ಸು ನೋಡಿ ಅದು ಬಿಸಾಡುತ್ತೆ."

"ಬಿಸಾಡುತ್ತಾ! ಸ್ವೀಕರಿಸಲಾಗಿದೆ ಅಂತ ಈ ಹುಡುಗಿ ಓದಿ ಹೇಳಿದ್ಲು. ನಿನ್ನ ಕಚೇರಿಯೋರೇ ಬರೆದಿದ್ದು ತಾನೆ?"

"ನಮ್ಮೋರೇ. ತಪ್ಪು ಬರೆದಿದ್ದಾರೆ. ನಾನು ನೋಡಿದೀನಿ."

"ಹಾಗಾದ್ರೆ ಏನ್ ಮಾಡಬೇಕಂತೆ ಈಗ?"

ಬುರುಲಾಯ್ ತಲೆ ತಗ್ಗಿಸಿದಳು. "ತಾಯಿ ಅನ್ನೋ ಕಡೆ... ನನ್ನ ಹೆಸರು ಹಾಕಿ ನೋಡೋಣವಾ? ಕಾಗದ ಹೊಂದೋದಿಲ್ಲ, ಗೊತ್ತು. ಆದ್ರೂ ಪಟ್ಟಿಗಾದ್ರೂ ಹೋಗುತ್ತೆ. ಆಮೇಲೆ ಕಾಲಿಗೆ ಬಿದ್ದಾದ್ರೂ ಕೇಳ್ತೀನಿ."

ಐಜಿರೆಕ್ ಮೂಲೆಯಲ್ಲಿ ಗುಂಡಿಗಳ ಡಬ್ಬಿಯನ್ನು ಬೋರಲು ಹಾಕಿದಳು; ಗುಂಡಿಗಳು ನೆಲದ ಮೇಲೆ ಸದ್ದು ಮಾಡುತ್ತಾ ಉರುಳಿದವು, ಅವಳೊಬ್ಬಳು ತಿರುಗಲಿಲ್ಲ.

"ಐದು ವರ್ಷದಿಂದ ಇದಕ್ಕೇ ಕಾಯ್ತಿದ್ಯಾ, ಕೆಲಿನ್?" ಎಂದರು ಅಪಾ. "ಕಿವಿ ಬರೋ ಹೊತ್ತಿಗೆ ಮಗಳು ಬೇಕಾಯ್ತಾ?"

ಬುರುಲಾಯ್ ಎದ್ದು ಗುಂಡಿಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿದಳು. ಮತ್ತೆ ಆ ಮಾತು ಎತ್ತಲಿಲ್ಲ. ಮರುದಿನ ಊಟದ ಬಿಡುವಿನಲ್ಲಿ ಕಾಗದಗಳ ನಕಲು ಹಿಡಿದು ಸಂಸ್ಥೆಯ ಕಚೇರಿಗೇ ಹೋದಳು. ಕಿಟಕಿಯ ಹಿಂದೆ ಕುಳಿತ ಹುಡುಗಿ ನಕ್ಕೇ ಮಾತಾಡಿದಳು.

"ಕೈಯಲ್ಲಿ ತಗೊಳ್ಳೋ ಹಾಗಿಲ್ಲ ಎಜೆ, ಸೈಟಲ್ಲೇ ಹಾಕಿ. ಏನೂ ಹೆದರಬೇಡಿ, ಚೆನ್ನಾಗಿ ನಡೀತಿದೆ. ನಾವು ಟೆಸ್ಟಿಂಗ್ ಮಾಡಿಸೇ ತಗೊಂಡಿದ್ದು."

"ಅದನ್ನ ಟೆಸ್ಟ್ ಮಾಡಿದ್ದು ನಾನೇ, ತಂಗಿ."

"ಹಾಗಾದ್ರೆ ನಿಮಗೇ ಗೊತ್ತಲ್ಲ!"

ಹುಟ್ಟಿದ ವರ್ಷವನ್ನು ಸುಳ್ಳು ಹಾಕೋಣವೆಂದೂ ಯೋಚಿಸಿದಳಂತೆ. ದಿನವಿಡೀ ಸುಳ್ಳು ಹೆಸರು, ಸುಳ್ಳು ವಯಸ್ಸು ತುಂಬುವುದೇ ಅವಳ ಕಸುಬು. ಆದರೆ ಆ ಹದಿನಾಲ್ಕು ಅಂಕಿಗಳ ಒಳಗೇ ಹುಟ್ಟಿದ ದಿನ ಇರುತ್ತದೆ. ಎರ್ಮೆಕ್ ಬೈಕೆಯ ಬಾಗಿಲಿಗೆ ಎರಡು ಸಲ ಹೋದಳು. ಒಮ್ಮೆ ಅವರು ಫೋನಿನಲ್ಲಿದ್ದರು. ಇನ್ನೊಮ್ಮೆ, "ಸೈಟು ಮುಚ್ಚಲಿ, ಆಮೇಲೆ ಸರಿ ಮಾಡಿಸ್ತೀನಿ, ನಿನ್ನಾಣೆ," ಎಂದರು. ಹೆಸರು ಹೇಳದೆಯೇ ಅವಳು ತನ್ನ ಮೇಜಿಗೆ ಮರಳಿದಳು.

ಹತ್ತನೇ ದಿನ ಸೈಟು ಮುಚ್ಚಿತು. ಹದಿಮೂರನೇ ದಿನ ತಿಲೇಕ್ ದೋಷ ಸರಿಪಡಿಸಿದ. ಎರ್ಮೆಕ್ ಬೈಕೆ ಆಣೆ ಮುರಿಯಲಿಲ್ಲ.

ಅವರ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ದೋಷ ಯಾರು ಕಂಡರೋ, ಅದು ಸರಿಯಾಯಿತೇ ಎಂದು ಅವರೇ ನೋಡಿ ಮುಗಿಸಬೇಕು. ಬುರುಲಾಯ್ ಕುಳಿತಳು. ಪರೀಕ್ಷೆಗೆಂದು ಬೇರೆಯಾಗಿ ಇಟ್ಟ ನಕಲಿನಲ್ಲಿ ಮೊದಲ ಬಾರಿಗೆ ನಿಜವಾದ ಹೆಸರುಗಳನ್ನು ಹಾಕಿದಳು. ತಾಯಿ, ಅನಿಪಾ. ಮಗು, ಐಜಿರೆಕ್. ಹದಿನಾಲ್ಕು ಅಂಕಿ. ಬಟನ್ ಒತ್ತಿದಳು. ಹಸಿರು ಬಂತು, ಅದರ ಕೆಳಗೆ ಸಂಖ್ಯೆಯೂ ಬಂತು: ಒಂದು. ಒಳಗಿನ ಪಟ್ಟಿಯಲ್ಲಿ ಐಜಿರೆಕ್ ಒಬ್ಬಳೇ ಇದ್ದಳು, ಎಲ್ಲರಿಗಿಂತ ಮೊದಲು.

ತಿಲೇಕ್ ಅವಳ ಮುಂದೆ ಚಹಾ ಇಟ್ಟ. "ನೀವು ಹೇಳಿದ್ದೇ ಸರಿ ಎಜೆ. ನಾನು ಅವತ್ತೇ ಕೇಳಬೇಕಿತ್ತು. ಒಂದಿಬ್ಬರು ತಪ್ಪಿರಬಹುದು, ಅಷ್ಟೇ ಅಲ್ವಾ?"

"ಎಷ್ಟು ಜನ ಅಂತ ಯಾರಿಗೂ ಗೊತ್ತಿಲ್ಲ. ಬಿಸಾಡಿದ್ದನ್ನ ಅದು ಇಟ್ಟುಕೊಳ್ಳಲ್ಲ," ಎಂದಳು ಬುರುಲಾಯ್. "ಒಬ್ಬಳ ಹೆಸರು ಮಾತ್ರ ನನಗೆ ಗೊತ್ತು."

"ಯಾರು?"

ಅವಳು ಚಹಾ ಕುಡಿದಳು. ಪರೀಕ್ಷೆಗೆ ಹಾಕಿದ ಅರ್ಜಿಗಳನ್ನು ಅಳಿಸಿ ಏಳಬೇಕು ಎಂಬುದೂ ಅಲ್ಲಿಯ ಪದ್ಧತಿ. ಐಜಿರೆಕ್‌ಳ ಹೆಸರನ್ನು ಅಳಿಸಿದಳು. ನೋಟ್‌ಬುಕ್ಕಿನಲ್ಲಿ "ಸರಿಯಾಗಿದೆ" ಎಂದು ಬರೆದು ದಿನಾಂಕ ಹಾಕಿದಳು.

ಈಗಲೂ ಅವಳು ಅದೇ ಕಚೇರಿಗೆ ಹೋಗುತ್ತಾಳೆ, ಬೇರೆ ಸೈಟುಗಳನ್ನು ಒತ್ತುತ್ತಾಳೆ. ಆದರೆ ಯಾರಾಗಿಯೂ ಒತ್ತುವುದಿಲ್ಲವಂತೆ. ಪಟ್ಟಿಯಲ್ಲಿ ಇದ್ದಷ್ಟನ್ನು ನೋಡಿ, ಟಿಕ್ ಹಾಕಿ ಬರುತ್ತಾಳೆ. ಐಜಿರೆಕ್‌ಗೆ ಕಳೆದ ತಿಂಗಳು ಐದು ತುಂಬಿತು. ಬುರುಲಾಯ್ ಅತ್ತೆಯ ಮನೆಗೆ ಮಾಂಸ, ಹಿಟ್ಟು ಹೊತ್ತುಕೊಂಡು ಹೋಗಿ ಅಡುಗೆ ಮಾಡಿ ಬಡಿಸಿ ಬಂದಳು. ಅಪಾ ಅವಳೊಡನೆ ಉಪ್ಪು, ಸೌದೆಯ ಮಾತಷ್ಟೇ ಆಡುತ್ತಾರೆ.

ಅಪಾ ಪ್ರತಿದಿನ ಬೆಳಿಗ್ಗೆ ನಮ್ಮ ಗೇಟಿಗೆ ಬರುತ್ತಾರೆ. ಅರ್ಜಿಯಲ್ಲಿ ನನ್ನ ನಂಬರೇ ಕೊಟ್ಟಿದ್ದು. "ಫೋನ್ ಬಂತಾ ಮಗಾ?" ಎಂದು ಕೇಳುತ್ತಾರೆ. ಇನ್ನೂ ಇಲ್ಲ ಅಪಾ ಎನ್ನುತ್ತೇನೆ. "ಬರುತ್ತೆ ಬಿಡು, ಹಸಿರು ಬಂದಿತ್ತಲ್ಲ," ಎಂದು ಐಜಿರೆಕ್‌ಳ ಕೈ ಹಿಡಿದು ಹಿಂದಿರುಗುತ್ತಾರೆ. ಸೊಸೆಯ ಮಾತನ್ನು ಅವರು ನಂಬಲಿಲ್ಲ. ನನ್ನ ಮಾತನ್ನು ನಂಬುತ್ತಾರೆ, ಏಕೆಂದರೆ ಹಸಿರು ಅಕ್ಷರವನ್ನು ಓದಿ ಹೇಳಿದವಳು ನಾನು.

ನಾಳೆ ಬೆಳಿಗ್ಗೆ ಅವರು ಕೇಳಿದಾಗ, ಫೋನ್ ಬರುವುದಿಲ್ಲ ಎಂದು ಹೇಳುತ್ತೇನೆ.